ಶನಿವಾರದ ದಳಕ್ಕೆ ಇನ್ನೊಬ್ಬರು ಬೇಕು

ನನ್ನ ಯಜಮಾನರು ಬೀಗ ರಿಪೇರಿ ಮಾಡುತ್ತಾರೆ. ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ನನ್ನ ಹೊಲಿಗೆ ಮಷಿನ್ ಇದೆ. ಮುಚ್ಚಿದ್ದು ಯಾವುದು ಕಂಡರೂ ಒಳಗೇನಿದೆ ಎಂದು ನೋಡದೆ ಇವರಿಗೆ ಸಮಾಧಾನವಿಲ್ಲ. ನನ್ನ ಮಿಕ್ಸಿ ಬಿಚ್ಚಿದ್ದಾರೆ, ಪಕ್ಕದ ಮನೆಯ ಗಡಿಯಾರ ಬಿಚ್ಚಿದ್ದಾರೆ. ಹಲ್ಲು ತೋರಿಸಲು ಹೋದಾಗ ಡಾಕ್ಟರ ಕುರ್ಚಿ ಹೇಗೆ ಮಲಗುತ್ತದೆ ಎಂದು ಅದರಡಿ ತೂರಿ ಬೈಸಿಕೊಂಡೂ ಬಂದಿದ್ದಾರೆ. ಇಂಥವರಿಗೆ, ಮಗಳು ಪ್ರತಿ ಶನಿವಾರ ಎರಡು ಗಂಟೆ ಶಾಲೆಯ ಹಾಲ್‌ನಲ್ಲಿ ಏನು ಮಾಡುತ್ತಾಳೆ ಎಂಬ ಕುತೂಹಲ ಮಾತ್ರ ಒಂದು ದಿನವೂ ಹುಟ್ಟಲಿಲ್ಲ.

ಮಗಳಿಗೆ ಹನ್ನೆರಡು ವರ್ಷ. ಸ್ಕೌಟ್ ದಳ ಸೇರಿ ಒಂದು ವರ್ಷವಾಗಿತ್ತು. ಮೊದಲು ಯಾರಾದರೂ ಹೆಸರು ಕೇಳಿದರೆ ನನ್ನ ಸೆರಗಿನ ಹಿಂದೆ ಅಡಗುತ್ತಿದ್ದವಳು, ಈಗ ಆರು ಮಕ್ಕಳ ಗುಂಪಿಗೆ ನಾಯಕಿ. ಶನಿವಾರ ಸಂಜೆ "ಅಪ್ಪಾ, ಇವತ್ತು ಏನಾಯ್ತು ಗೊತ್ತಾ?" ಎಂದು ಓಡಿ ಬರುತ್ತಿದ್ದಳು.

"ಶಿಳ್ಳೆ ಊದಿದ್ರಿ, ಸಾಲಾಗಿ ನಿಂತ್ರಿ. ಇನ್ನೇನಾಗುತ್ತೆ?" ಎಂದು ಇವರು ತಲೆ ಎತ್ತದೆ ಹೇಳುತ್ತಿದ್ದರು. ಅವಳು ಸಪ್ಪೆ ಮುಖ ಮಾಡಿಕೊಂಡು ನನ್ನ ಕಡೆ ತಿರುಗುತ್ತಿದ್ದಳು. ಆಗ ನನಗೆ ಇವರ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು.

ಒಂದು ಮಂಗಳವಾರ ದಳ ನಡೆಸುವ ನರ್ಸಕ್ಕ ಅಂಗಡಿಗೆ ಬಂದರು. ಆಸ್ಪತ್ರೆಯ ಪಾಳಿ ಮುಗಿಸಿ ನೇರ ಬಂದಿದ್ದರು.

"ಹಾಲ್ ಪಕ್ಕದ ಸಾಮಾನು ಕೋಣೆಗೆ ಒಂದು ಗಟ್ಟಿ ಬೀಗ ಹಾಕಿಕೊಡ್ತೀರಾ? ಹಗ್ಗ, ಡೇರೆ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲಾ ಒಳಗಿಟ್ಟು ಮುಚ್ಚಬೇಕು. ದಳ ನಿಲ್ಲಿಸ್ತಾ ಇದೀವಿ."

ನನ್ನ ಮಷಿನ್ ನಿಂತುಹೋಯಿತು. "ಅಯ್ಯೋ, ಯಾಕಕ್ಕಾ?"

"ನನ್ನ ಜೊತೆಗಿದ್ದ ಪೋಸ್ಟ್‌ಮನ್‌ಗೆ ವರ್ಗ ಆಯ್ತು. ಈ ಶನಿವಾರವೇ ಕೊನೆ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಲೇಬೇಕು ಅಂತ ನಿಯಮ. ಒಬ್ಬರಿಗೆ ತಲೆಸುತ್ತು ಬಂದ್ರೆ ಮಕ್ಕಳ ಗತಿಯೇನು? ಒಬ್ಬರೇ ಇದ್ದಾಗ ಏನಾದ್ರೂ ತಪ್ಪು ನಡೆದ್ರೆ ನೋಡೋರು ಯಾರು? ನಿಯಮ ಸರಿಯಾಗಿಯೇ ಇದೆ. ಆದ್ರೆ ಎರಡನೆಯವರು ಸಿಗ್ತಿಲ್ಲ. ಮೂವತ್ತು ಮನೆ ಸುತ್ತಿದೆ, ಎಲ್ಲರೂ ಒಳ್ಳೇ ಕೆಲಸ ಅಂತಾರೆ, ಟೀ ಕೊಡ್ತಾರೆ." ಅವರು ಇವರತ್ತ ನೋಡಿದರು. "ನೀವು ಬರಬಹುದಲ್ಲಾ?"

"ನಾನಾ?" ಇವರು ನಕ್ಕೇಬಿಟ್ಟರು. "ಊರ ಉಸಾಬರಿ ನನಗ್ಯಾಕಮ್ಮಾ? ಶನಿವಾರ ಬೇರೆ. ಅದೂ ಅಲ್ಲದೆ ನನಗೆ ಕಬ್ಬಿಣದ ಜೊತೆ ಮಾತಾಡೋಕೆ ಬರುತ್ತೆ, ಮಕ್ಕಳಿಗೆ ಹೇಳಿಕೊಡೋಕೆ ಬರಲ್ಲ. ಅದಕ್ಕೆಲ್ಲ ಓದಿದೋರು ಬೇಕು."

"ಓದು ಯಾರು ಕೇಳಿದ್ರು? ಬೇಕಾದ ತರಬೇತಿ ನಾವೇ ಕೊಡಿಸ್ತೀವಿ."

"ಬೀಗ ಬೇಕಾದ್ರೆ ಹಾಕಿಕೊಡ್ತೀನಿ" ಎಂದು ಇವರು ಮಾತು ಮುಗಿಸಿದರು.

ಸುದ್ದಿ ಕೇಳಿ ಮಗಳು ಅಳಲಿಲ್ಲ, ಕಿರುಚಲಿಲ್ಲ. ತನ್ನ ಗುಂಪಿನ ಆರು ಹೆಸರು ಬರೆದ ಚೀಟಿ ಹಿಡಿದು ಕಿಟಕಿಯ ಹತ್ತಿರ ಕೂತಳು. "ನಾವು ನದಿ ತನಕ ನಕ್ಷೆ ಮಾಡ್ತಿದ್ವಿ ಅಮ್ಮಾ. ಅರ್ಧ ಆಗಿತ್ತು" ಎಂದಳು. ಅಳುವ ಮಗುವನ್ನು ಸಮಾಧಾನ ಮಾಡಬಹುದು. ಹೀಗೆ ಸುಮ್ಮನೆ ಕೂತ ಮಗಳ ಪಕ್ಕ ನಾನೂ ಹೋಗಿ ಕೂತೆ.

ಶನಿವಾರ ಮಧ್ಯಾಹ್ನ ಇವರು ಉಪಕರಣದ ಚೀಲ ಹೊತ್ತು ಹಾಲ್‌ಗೆ ಹೋದರು. ಹೊಲಿದಿಟ್ಟ ಪರದೆಗಳನ್ನು ಅದೇ ಬೀದಿಯ ಗಿರಾಕಿಗೆ ಕೊಟ್ಟು ನಾನೂ ಹಿಂದೆಯೇ ಹೋದೆ. ನಾನು ಹೋಗುವಷ್ಟರಲ್ಲಿ ಇಪ್ಪತ್ತು ಮಕ್ಕಳು ಸಾಮಾನು ಕೋಣೆಯ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದವು.

ಆಗಿದ್ದಿಷ್ಟು. ಯಾವ ಬೀಗ ಹಾಕಿದರೂ ಅದು ಬೀಳುವ ಸದ್ದನ್ನು ಒಳಗಡೆಯಿಂದ ಕೇಳಿ ಪರೀಕ್ಷಿಸುವುದು ಇವರ ಪದ್ಧತಿ. ಅಂದೂ ಒಳಗೆ ಹೋಗಿ ಬಾಗಿಲೆಳೆದುಕೊಂಡರು. ಬೀಗ ಟಕ್ಕೆಂದು ಚೆನ್ನಾಗಿಯೇ ಬಿತ್ತು. ಒಳಗಿನ ಹಿಡಿಯನ್ನು ಮಾತ್ರ ಇನ್ನೂ ಕೂಡಿಸಿರಲಿಲ್ಲ. ಬೀಗದಕೈ ಇವರ ಜೇಬಿನಲ್ಲಿ, ಅದು ತೂರುವ ಕಿಂಡಿ ಹೊರಗೆ. ಬಾಗಿಲಡಿಯಲ್ಲಿ ಕಾಗದ ತೂರುವಷ್ಟೂ ಸಂದಿಲ್ಲ. ಉಪಕರಣದ ಚೀಲವೂ ಹೊರಗೇ ಉಳಿದಿತ್ತು. ಮಾಡಿದ್ದುಣ್ಣೋ ಮಹಾರಾಯ!

"ಉಸಿರಾಟ ಸರಿಯಿದೆಯಾ?" ನರ್ಸಕ್ಕ ಕೂಗಿ ಕೇಳಿದರು.

"ಉಸಿರು ಸರಿಯಿದೆ, ಮರ್ಯಾದೆ ಹೋಗಿದೆ!" ಒಳಗಿಂದ ಉತ್ತರ ಬಂತು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಪೋಸ್ಟ್‌ಮನ್ ಬಾಗಿಲು ಒಡೆಯಲು ಹೊರಟರು. ನರ್ಸಕ್ಕ ಕೈ ಅಡ್ಡ ಹಿಡಿದರು. "ತಡೀರಿ. ಇವರಿಗೆ ಅಪಾಯ ಏನಿಲ್ಲ. ಮಕ್ಕಳು ಮಾಡ್ತಾರಾ ನೋಡೋಣ. ನಾವಿಬ್ಬರೂ ಇಲ್ಲೇ ಇರ್ತೀವಿ."

ಮಗಳು ಮುಂದೆ ಬಂದಳು. "ಅಪ್ಪಾ, ನಾವೇನು ಮಾಡ್ಬೇಕು? ಒಂದೊಂದಾಗಿ ಹೇಳು."

ಇವರು ಒಳಗಿಂದ ಬಾಗಿಲ ಅಂಚನ್ನು ಬೆರಳಿಂದ ತಟ್ಟಿದರು. "ಬಾಗಿಲು ಚೌಕಟ್ಟಿಗೆ ಕೂಡೋ ಕಡೆ ನೋಡಿ. ಏನ್ ಕಾಣುತ್ತೆ?"

"ಮೂರು ಬಿಜಾಗರಿ. ಒಂದೊಂದರ ನಡುವೆ ಒಂದೊಂದು ಕಬ್ಬಿಣದ ಕಡ್ಡಿ ಇದೆ. ತುಕ್ಕು ಹಿಡಿದಿದೆ" ಎಂದಳು ಮಗಳು.

"ಜಾಣೆ! ಆ ಕಡ್ಡಿ ಮೂರೂ ತೆಗೆದ್ರೆ ಬಾಗಿಲು ಏನಾಗುತ್ತೆ?"

ಕನ್ನಡಕದ ಹುಡುಗನೊಬ್ಬ ಯೋಚಿಸಿ, "ಬೀಗ ಇದ್ರೂ ಈ ಕಡೆಯಿಂದ ಬರುತ್ತೆ!" ಎಂದ. ಮಕ್ಕಳಲ್ಲಿ ಒಂದು ಸಣ್ಣ ಗುಜುಗುಜು ಎದ್ದಿತು.

"ಭಲೇ! ಚೀಲದಲ್ಲಿ ಎಣ್ಣೆ ಡಬ್ಬಿ ಇದೆ. ಕಡ್ಡಿಗಳಿಗೆ ಹಾಕಿ ಹತ್ತು ನಿಮಿಷ ಸುಮ್ಮನಿರಿ. ತುಕ್ಕಿನ ಹತ್ರ ಅವಸರ ಮಾಡಬಾರದು."

ಹತ್ತು ನಿಮಿಷ ಮಕ್ಕಳು ಸುಮ್ಮನಿರುವುದುಂಟೇ? ಒಬ್ಬಳು, "ಬೀಗದ ಮಾವಾ, ಬೀಗದೊಳಗೆ ಏನಿರುತ್ತೆ?" ಎಂದಳು. ಅಷ್ಟು ಸಾಕಾಯಿತು. ಸ್ಪ್ರಿಂಗು ಹೇಗೆ ತಳ್ಳುತ್ತದೆ, ಬೀಗದಕೈಗೆ ಹಲ್ಲೇಕೆ, ಒಂದರ ಕೈ ಇನ್ನೊಂದಕ್ಕೆ ಯಾಕೆ ಆಗುವುದಿಲ್ಲ ಎಂದು ಇವರು ಒಳಗಿಂದಲೇ ವಿವರಿಸತೊಡಗಿದರು. ಮಾತು ಗೊತ್ತಾಗದಿದ್ದರೆ ಮಕ್ಕಳು ಮತ್ತೆ ಕೇಳಿದವು, ಇವರು ಬೇರೆ ರೀತಿ ಹೇಳಿದರು. ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೇನೆ, ಇವರು ಇಷ್ಟು ಸಮಾಧಾನವಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ. ಹೇಳಿಕೊಡಲು ಬರುವುದಿಲ್ಲವಂತೆ!

"ಈಗ ಕೆಳಗಿನ ಕಡ್ಡಿ ಮೊದಲು, ಮೇಲಿನದು ಕೊನೆಗೆ. ಯಾಕೆ ಹೇಳಿ?"

"ಮೇಲಿನದು ಮೊದಲು ತೆಗೆದ್ರೆ ಬಾಗಿಲು ನಮ್ಮ ತಲೆ ಮೇಲೇ ಬೀಳುತ್ತೆ" ಎಂದಳು ಮಗಳು. ದೊಡ್ಡ ಮಕ್ಕಳಲ್ಲಿ ನಾಲ್ವರನ್ನು ಬಾಗಿಲು ಹಿಡಿಯಲು ನಿಲ್ಲಿಸಿದಳು, ಚಿಕ್ಕವರನ್ನು ದೂರ ಕಳಿಸಿದಳು. ಕನ್ನಡಕದ ಹುಡುಗ ಸ್ಕ್ರೂಡ್ರೈವರ್ ಇಟ್ಟು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಸುತ್ತಿಗೆ ಬಡಿದ. ನರ್ಸಕ್ಕ, ಪೋಸ್ಟ್‌ಮನ್ ಇಬ್ಬರೂ ಬಾಗಿಲಿಗೆ ಕೈ ಕೊಟ್ಟರು. ಮೂರನೆಯ ಕಡ್ಡಿ ಬಂದಾಗ ಬಾಗಿಲು ಈಚೆಗೆ ಸರಿಯಿತು. ಮಕ್ಕಳು ಕೇಕೆ ಹಾಕಿದವು. ಬೆವರಿ ಧೂಳು ಮೆತ್ತಿಕೊಂಡ ಯಜಮಾನರು ಹೊರಗೆ ಬಂದು, ನನ್ನನ್ನು ಬಿಟ್ಟು ಮಗಳನ್ನೇ ನೋಡುತ್ತಾ ನಿಂತರು.

"ಇದನ್ನೆಲ್ಲಾ ಎಲ್ಲಿ ಕಲಿತೆ ಪುಟ್ಟೀ? ಯಾರನ್ನ ಎಲ್ಲಿ ನಿಲ್ಲಿಸಬೇಕು ಅನ್ನೋದು?"

"ಇಲ್ಲೇ ಅಪ್ಪಾ. ಶನಿವಾರ."

ಇವರ ಕಣ್ಣು ತುಂಬಿತು. ನರ್ಸಕ್ಕನ ಕಡೆ ತಿರುಗಿ, "ಆ ಎರಡನೆಯವರು ಏನೇನು ಮಾಡ್ಬೇಕು ಹೇಳಿ" ಎಂದರು.

"ವಾರಕ್ಕೆ ಎರಡು ಗಂಟೆ ಬರಬೇಕು. ಮೊದಲು ನಿಮ್ಮ ಬಗ್ಗೆ ನಾಲ್ಕು ಜನರ ಹತ್ರ ವಿಚಾರಿಸ್ತೀವಿ. ಬೇಜಾರು ಮಾಡ್ಕೋಬೇಡಿ, ಮಕ್ಕಳ ವಿಷಯ."

"ವಿಚಾರಿಸದೆ ಸೇರಿಸ್ಕೊಂಡ್ರೆ ನನ್ನ ಮಗಳನ್ನೇ ನಾನು ಕಳಿಸಲ್ಲ" ಎಂದು ಇವರು ಅರ್ಜಿ ಕೇಳಿ ಪಡೆದರು.

ವಿಚಾರಣೆ, ತರಬೇತಿ ಮುಗಿಯುವ ತನಕ ಮೂರು ಶನಿವಾರ ದಳ ನಡೆಯಲಿಲ್ಲ. ನಾಲ್ಕನೆಯ ಶನಿವಾರ ಅಪ್ಪ ಮಗಳು ಒಟ್ಟಿಗೆ ಹೊರಟರು. ನದಿಯ ನಕ್ಷೆ ಈಗ ಮುಗಿದಿದೆ.

ನಮ್ಮ ಬೀದಿಯ ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ನಿಮ್ಮನ್ನು ಕೂರಿಸಿ ಓದಿಸುತ್ತಿರಲಿಲ್ಲ. ನರ್ಸಕ್ಕನ ಪುಸ್ತಕದಲ್ಲಿ ದಳ ಸೇರಲು ಕಾಯುತ್ತಿರುವ ಇನ್ನೂ ಹತ್ತೊಂಬತ್ತು ಹೆಸರುಗಳಿವೆ. ಎಲ್ಲವೂ ಏಳೆಂಟು ವರ್ಷದ ಮಕ್ಕಳು. ಅವರಿಗೆ ಬೇರೆ ಗುಂಪು ಬೇಕು, ಅದಕ್ಕೆ ಬೇರೆ ಇಬ್ಬರು ದೊಡ್ಡವರು ಬೇಕು. ಒಬ್ಬಳು ನಾನು, ಇನ್ನೊಬ್ಬರು ಇನ್ನೂ ಸಿಕ್ಕಿಲ್ಲ. ಕಳೆದ ವಾರ ಅರ್ಜಿ ಕೊಟ್ಟೆ, ಹೊಲಿಗೆ ಬಿಟ್ಟು ನನಗೇನೂ ಗೊತ್ತಿಲ್ಲ ಎಂದು ಹೆದರಿಕೊಂಡೇ ಕೊಟ್ಟೆ.

ನಿಮ್ಮ ಹತ್ತಿರದ ಸ್ಕೌಟ್ ದಳ ಎಲ್ಲಿ ಸೇರುತ್ತದೆ ಎಂದು ಈ ವಾರ ಒಮ್ಮೆ ಹೋಗಿ ನೋಡಿ. ಸುಮ್ಮನೆ ಬಾಗಿಲಲ್ಲಿ ನಿಂತು ನೋಡಿದರೂ ಸರಿ. ನಿಮಗೆ ಬರುವ ಕೆಲಸ ಯಾವುದಾದರೂ ಇರಲಿ, ಅದರ ಬಗ್ಗೆ ಕೇಳುವ ಮಗು ಅಲ್ಲಿ ಇದ್ದೇ ಇರುತ್ತದೆ. ಎಷ್ಟು ಮಕ್ಕಳು ಕಾಯುತ್ತಿದ್ದಾರೆ ಎಂದು ಅಲ್ಲಿನವರನ್ನು ಕೇಳಿ. ಸಂಖ್ಯೆ ಕೇಳಿದ ಮೇಲೆ ಸುಮ್ಮನೆ ಮನೆಗೆ ಬರುವುದು ನನ್ನಿಂದ ಆಗಲಿಲ್ಲ. ನಿಮ್ಮಿಂದಲೂ ಆಗುವುದಿಲ್ಲ ಎಂದು ನಂಬಿದ್ದೇನೆ.