ನಿಧಿಯ ಗುಹೆ ಕೊಟ್ಟ ಗೆಲುವು

ಕರುವಾರು ಊರಿನ ಪೇಟೆಯಲ್ಲಿ ದಲ್ವಾನಿಗೆ ಉಗುರಿಗೆ ಬಣ್ಣ ಹಚ್ಚುವ ಪುಟ್ಟ ಅಂಗಡಿಯಿತ್ತು. ಆ ಮಧ್ಯಾಹ್ನ ಅವಳ ಕೈ ತಪ್ಪಿ ಗಿರಾಕಿ ದೋನಾ ಜುದಿತೆಯ ಕಿರುಬೆರಳಿನ ಉಗುರಿನಾಚೆ ಎರಡು ಸಲ ಬಣ್ಣ ಹರಿಯಿತು.

"ನನ್ನ ಬೆರಳು ಗೋಡೆಯೇನೇ?" ಎಂದಳು ಮುದುಕಿ.

ಆಗಷ್ಟೇ ಅವಳು ನಗುನಗುತ್ತಾ ಹೇಳಿದ್ದಳು: "ನಿನ್ನ ವಿಡಿಯೋ ನೋಡಿ ನಾನೂ ಆ ನಿಧಿಯ ಗುಹೆ ಆಟ ಆಡಿದೆ ಕಣೆ. ಹೊಲಿಗೆ ಮಿಷನ್ನಿಗೆ ಅಂತ ಇಟ್ಟಿದ್ದ ದುಡ್ಡೆಲ್ಲ ಹೋಯ್ತು. ಸ್ವಲ್ಪ ನಿನ್ನ ಕೈಗುಣ ಕೊಡೇ."

ದುಡ್ಡು ಕಟ್ಟಿ ಆಡುವ ಆ ಆಟದ ವಿಡಿಯೋಗಳನ್ನು ದಲ್ವಾನಿ ಎರಡು ತಿಂಗಳಿಂದ ಅದರ ಕಂಪನಿ ಕೊಡುವ ಸಂಬಳಕ್ಕಾಗಿ ಹಾಕುತ್ತಿದ್ದಳು. ಫೋನಿನಲ್ಲಿ ಐದು ಸಾಲು ಚಿತ್ರಗಳು ಗಿರಗಿರ ತಿರುಗುತ್ತವೆ: ಟೋಪಿಯ ಸಾಹಸಿ, ಹಾವು, ಚಿನ್ನದ ಬೊಂಬೆ. ಮೂರು ಪಂಜಿನ ಚಿತ್ರ ಒಟ್ಟಿಗೆ ಬಿದ್ದರೆ ಹತ್ತು ಸುತ್ತು ಪುಕ್ಕಟೆ. ಆಗ ಒಂದು ಚಿತ್ರ ಹಿಗ್ಗಿ ಇಡೀ ಸಾಲನ್ನೇ ತುಂಬಿ ದುಡ್ಡು ಸುರಿಸುತ್ತದೆ. ದಲ್ವಾನಿಗೆ ಪಂಜು ಬೇಕೆಂದಾಗಲೆಲ್ಲ ಬೀಳುತ್ತಿತ್ತು. ಕಂಪನಿಯವರು ಅವಳಿಗೆ ಕೊಟ್ಟಿದ್ದು ಗೆಲ್ಲಲೆಂದೇ ಮಾಡಿದ ಖಾತೆ, ಅದರಲ್ಲಿದ್ದದ್ದು ಸುಳ್ಳು ದುಡ್ಡು.

ಕೂತಲ್ಲಿ ಕೂರಲಾಗದೆ ಅವಳು ಎದ್ದು ಫೋನನ್ನು ಕನ್ನಡಿಗೆ ಆನಿಸಿ ಲೈವ್ ಹಚ್ಚಿದಳು.

"ಇಷ್ಟು ದಿನ ನಾನು ತೋರಿಸಿದ್ದು ಮೋಸ. ಈಗ ನನ್ನ ಸ್ವಂತ ಐವತ್ತು ರಿಯಾಲ್ ಹಾಕ್ತೀನಿ. ಹೇಗೆ ಕರಗುತ್ತೆ ನೋಡಿ."

ಸುತ್ತಿಗೊಂದು ರಿಯಾಲ್, ಅಂದರೆ ನೂರು ಸೆಂಟಾವೊ. ಹೋಯಿತು, ಮತ್ತೆ ಹೋಯಿತು. ಒಮ್ಮೆ ನಲವತ್ತು ಸೆಂಟಾವೊ ಬಂದಾಗ ಆಟ ಡೋಲು ಬಾರಿಸಿತು. "ಅರವತ್ತು ಹೋಗಿದ್ದಕ್ಕೆ ಈ ಡೋಲು!" ಎಂದಳು ದಲ್ವಾನಿ.

ಇಪ್ಪತ್ತೆರಡನೇ ಸುತ್ತಿಗೆ ಮೂರು ಪಂಜು ಬಿದ್ದವು.

ಸಾಹಸಿ ಹಿಗ್ಗಿದ, ಮತ್ತೆ ಹಿಗ್ಗಿದ. ಪುಕ್ಕಟೆ ಸುತ್ತು ಮುಗಿದಾಗ ಆರುನೂರ ಹನ್ನೆರಡು ರಿಯಾಲ್! ಜುದಿತೆ ಹಸಿ ಬಣ್ಣದ ಬೆರಳಲ್ಲೇ ಅವಳನ್ನು ತಬ್ಬಿಕೊಂಡಳು. ನೋಡುತ್ತಿದ್ದವರು ಬರೆದದ್ದೇ ಬರೆದದ್ದು: "ಮೋಸವಂತೆ ಮೋಸ! ಕೊಡ್ತಾ ಇದೆಯಲ್ಲ!"

"ಅಯ್ಯೋ, ಇದು ಬರೀ ಅಕಸ್ಮಾತ್ತು! ಆಡ್ತಾ ಹೋದ್ರೆ ಎಲ್ಲಾ ವಾಪಸ್ ನುಂಗುತ್ತೆ!" ದಲ್ವಾನಿ ಕಿರುಚಿದಳು. ಕೇಳುವವರು ಯಾರು?

"ಈ ದುಡ್ಡಲ್ಲಿ ಮಿಷನ್ ತಗೊಳ್ಳಿ ದೋನಾ. ಆಟ ಬಿಡಿ," ಎಂದು ಅವಳು ಜುದಿತೆಗೆ ಹೇಳಿದಳು.

ಜುದಿತೆ ಮುಖ ಗಂಟಿಕ್ಕಿದಳು. "ನೀನು ಗೆಲ್ಲಬಹುದು, ನಾನು ಗೆಲ್ಲಬಾರದಾ?" ಎಂದವಳೇ ತನ್ನ ಫೋನು ಹಿಡಿದು ಬಿಸಿಲಿಗಿಳಿದಳು.

ದಲ್ವಾನಿ ಹಳೆಯ ವಿಡಿಯೋಗಳನ್ನೆಲ್ಲ ಅಳಿಸಿದಳು, ಕಂಪನಿಯ ಸಂಬಳವನ್ನೂ ಬಿಟ್ಟಳು. ಆದರೆ ಯಾರೋ ಆ ಲೈವ್‌ನಿಂದ ಅವಳ ಮಾತನ್ನು ಕತ್ತರಿಸಿ ಗೆಲುವನ್ನಷ್ಟೇ ಉಳಿಸಿಕೊಂಡಿದ್ದರು. ವಾರ ಕಳೆಯುವುದರೊಳಗೆ ಆ ತುಣುಕು ಊರವರ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು.