ಐದನೇ ಚೀಟಿ ಬಂದಿಲ್ಲ

ನಮ್ಮ ಅತ್ತಿಗೆ ಇಪ್ಪತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಬೋರ್ಡಿನ ಒಂದು ತೂತಿನಿಂದ ಇನ್ನೊಂದಕ್ಕೆ ವೈರು ಚುಚ್ಚಿ ಊರಿನವರ ಮಾತನ್ನೆಲ್ಲ ಪರವೂರಿಗೆ ಮುಟ್ಟಿಸುತ್ತಿದ್ದರು. ತಾನೇ ನಂಬರ್ ಜೋಡಿಸುವ ಯಂತ್ರ ಬಂದು ಆ ಬೋರ್ಡನ್ನು ಕಳಚಿಟ್ಟ ಮೇಲೆ ಹೊಸ ಯಂತ್ರ ಯಾವುದೇ ಬರಲಿ, ಅವರಿಗೆ ಮುನಿಸು. ಇಂಟರ್ನೆಟ್ ಎಂದರಂತೂ ಮೂಗು ಮುರಿಯುತ್ತಿದ್ದರು.

ಲೈಬ್ರರಿಯಲ್ಲಿ ವಯಸ್ಸಾದವರಿಗೆಂದು ಶನಿವಾರದ ಇಂಟರ್ನೆಟ್ ತರಗತಿ ಶುರುವಾದಾಗ ನಾನು ಅವರ ಬೆನ್ನು ಬಿದ್ದೆ.

"ನಿನ್ನ ಜೊತೆಗೆ ಬರ್ತೀನಿ. ಬಾಯಿ ಮಾತ್ರ ಬಿಡಲ್ಲ," ಎಂದರು.

ಪಾಠ ಮಾಡುತ್ತಿದ್ದ ಲೈಬ್ರೇರಿಯನ್ ನಗುಮುಖದ ಹುಡುಗಿ. ಇತಿಹಾಸದಿಂದಲೇ ಆರಂಭಿಸಿದಳು. ಐವತ್ತು ವರ್ಷಕ್ಕೂ ಹಿಂದೆ, ದೂರ ದೂರದ ಎರಡು ಕಂಪ್ಯೂಟರ್ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ 'ಲಾಗಿನ್' ಎಂಬ ಪದ ಕಳಿಸಲು ಹೊರಟರಂತೆ. ಎರಡಕ್ಷರ ಹೋಗುವಷ್ಟರಲ್ಲಿ ಆ ಕಡೆಯ ಯಂತ್ರ ಕೈಕೊಟ್ಟಿತಂತೆ.

"ಪ್ರತಿ ಅಕ್ಷರಕ್ಕೂ ಬಂತಾ, ಬಂತಾ ಅಂತ ಫೋನಲ್ಲಿ ಕೇಳ್ಕೋತಿದ್ರಂತೆ," ಎಂದಳು.

"ಅಲ್ಲಿಗೂ ಫೋನೇ ಬೇಕಾಯ್ತು ನೋಡಿ!" ಎಂದು ಅತ್ತಿಗೆ ಬಾಯಿ ಬಿಟ್ಟೇಬಿಟ್ಟರು. ಇಡೀ ಕೋಣೆ ನಕ್ಕಿತು. ಆಮೇಲೆ ಅವರನ್ನು ತಡೆಯುವವರೇ ಇಲ್ಲ. "ಮಾತು ಹೋಗ್ಬೇಕಂದ್ರೆ ಈ ತುದಿಯಿಂದ ಆ ತುದಿವರೆಗೂ ಲೈನ್ ಹಿಡಿದಿಟ್ಟಿರಬೇಕು. ಇದರಲ್ಲಿ ಯಾರು ಹಿಡೀತಾರೆ?"

"ಯಾರೂ ಹಿಡಿಯಲ್ಲಮ್ಮ. ಮಾತನ್ನೇ ತುಂಡು ತುಂಡು ಮಾಡಿ ಕಳಿಸ್ತಾರೆ. ಬನ್ನಿ, ತೋರಿಸ್ತೀನಿ."

ಅತ್ತಿಗೆಯನ್ನು ಕಿಟಕಿಯ ಹತ್ತಿರ ನಿಲ್ಲಿಸಿದಳು. ಉಳಿದವರನ್ನು ಪುಸ್ತಕದ ಕಪಾಟುಗಳ ನಡುವೆ ಅಲ್ಲಲ್ಲಿ ನಿಲ್ಲಿಸಿದಳು. ನನ್ನನ್ನು ಬಾಗಿಲ ಬಳಿ ಕೂರಿಸಿ, ಅತ್ತಿಗೆಗೆ ಮುಟ್ಟಿಸಲು ಒಂದು ಸಾಲು ಬರೆದು ಅದನ್ನು ಐದು ಚೀಟಿ ಮಾಡುವಂತೆ ನನಗೆ ಹೇಳಿದಳು. ಪ್ರತಿ ಚೀಟಿಯ ಮೇಲೂ ನಂಬರು ಮತ್ತು ವಿಳಾಸ ಇರಬೇಕು. ಯಾವ ದಾರಿ ಖಾಲಿಯೋ ಆ ದಾರಿಯಲ್ಲಿ ಕೈಯಿಂದ ಕೈಗೆ ಸಾಗಬೇಕು.

ಏನು ಬರೆಯಲಿ? ಮೂವತ್ತು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದ್ಯಾಕೋ ಪೆನ್ನಿಗೆ ಬಂತು.

ಮೂರನೇ ಚೀಟಿ ಮೊದಲು ಮುಟ್ಟಿತು, ಆಮೇಲೆ ಒಂದನೆಯದು. ಅತ್ತಿಗೆ ಎಲ್ಲವನ್ನೂ ಕಿಟಕಿಯ ಕಟ್ಟೆಯ ಮೇಲೆ ಜೋಡಿಸಿ ಗಟ್ಟಿಯಾಗಿ ಓದಿದರು: "ಅತ್ತಿಗೆ, ಮದುವೆಯಲ್ಲಿ ಅಣ್ಣ ಹಾಕಿದ್ದ... ನೀಲಿ ಕೋಟಿಗೆ... ತೂತು ಮಾಡಿದ್ದು... ಇಲಿಯಲ್ಲ..."

ಕತ್ತೆತ್ತಿದರು. ಎಕ್ಸ್‌ಚೇಂಜಿನ ಖಡಕ್ ದನಿ ಹೊರಟಿತು: "ಹಲೋ! ಐದನೇ ಚೀಟಿ ಬಂದಿಲ್ಲ. ಮತ್ತೆ ಕಳಿಸಿ!"

ಲೈಬ್ರೇರಿಯನ್ ಚಪ್ಪಾಳೆ ತಟ್ಟಿದಳು. "ಯಂತ್ರ ಮಾಡೋದೂ ಇದನ್ನೇ! ಯಾವ ತುಂಡು ಬಂದಿಲ್ವೋ ಅದನ್ನಷ್ಟೇ ಮತ್ತೆ ಕೇಳುತ್ತೆ."

ನಾನು ಮತ್ತೆ ಪೆನ್ನು ಎತ್ತಿಕೊಂಡೆ. ಬೇರೇನಾದರೂ ಬರೆದು ತಪ್ಪಿಸಿಕೊಳ್ಳಬಹುದಿತ್ತು. ಬರೆಯಲಿಲ್ಲ, ಅದನ್ನೇ ಇನ್ನೊಮ್ಮೆ ಬರೆದು ಕಳಿಸಿದೆ. ಅಷ್ಟರಲ್ಲಿ ಕಪಾಟಿನ ಮೂಲೆಯಲ್ಲಿ ನಿಂತಿದ್ದ, ನಮ್ಮಂತೆಯೇ ತರಗತಿಗೆ ಬಂದಿದ್ದ ದರ್ಜಿಯೊಬ್ಬರು ಜೇಬು ತಡಕಿ, "ಅಯ್ಯೋ, ಇಲ್ಲೇ ಇದೆ!" ಎಂದು ಹಳೆಯದನ್ನೂ ಸಾಗಿಸಿದರು. ಎರಡೂ ಒಟ್ಟಿಗೇ ಮುಟ್ಟಿದವು.

"ನಾನು, ಇಸ್ತ್ರಿ ಪೆಟ್ಟಿಗೆಯಿಂದ," ಎಂದು ಓದಿದರು ಅತ್ತಿಗೆ. ಇನ್ನೊಂದನ್ನೂ ಓದಿದರು. "ಎರಡೆರಡು ಸಲ ಒಪ್ಪಿಕೊಂಡಿದ್ದಾಳೆ!"

"ಎರಡನೇ ಪ್ರತಿ ಬಂದ್ರೆ ಯಂತ್ರ ಬಿಸಾಡುತ್ತಮ್ಮ."

"ನಾನು ಬಿಸಾಡಲ್ಲ!" ಎಂದು ಎರಡನ್ನೂ ಪರ್ಸಿಗೆ ಸೇರಿಸಿ ನನ್ನ ಕಡೆ ಬಂದರು. ಹೆದರಿ ಎದ್ದುನಿಂತೆ. ನೋಡಿದರೆ ಅವರ ಹೊಟ್ಟೆ ಕುಲುಕುತ್ತಿತ್ತು, ಕಣ್ಣಲ್ಲಿ ನೀರು. "ಆ ಇಲಿಗೆ ನಾಲ್ಕು ಬೋನು ಇಟ್ಟಿದ್ದೆ ಕಣೇ! ಸಿಕ್ಕಿಬಿದ್ದಿದ್ದು ನಿಮ್ಮಣ್ಣನ ಹೆಬ್ಬೆರಳು ಮಾತ್ರ!" ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕೆವು.

ಕೊನೆಗೆ ಎಲ್ಲರೂ ಇಮೇಲ್ ವಿಳಾಸ ಮಾಡಿಕೊಂಡೆವು. ಅತ್ತಿಗೆ ಸಮುದ್ರದಾಚೆ ನೆಲೆಸಿದ ಗೆಳತಿಗೆ ಒಂದೇ ಬೆರಳಲ್ಲಿ ಕುಟ್ಟಿದರು: "ಇದ್ದೀಯಾ?" ಹತ್ತು ನಿಮಿಷಕ್ಕೆ ಉತ್ತರ ಬಂತು: "ಇದ್ದೀನಿ! ಇಷ್ಟು ದಿನ ಎಲ್ಲಿ ಸತ್ತಿದ್ದೆ?"

ಲೈಬ್ರರಿ ಮುಚ್ಚುವ ಹೊತ್ತಾಯಿತು. "ಇನ್ನೊಂದೇ ಒಂದು," ಎಂದರು ಅತ್ತಿಗೆ, ಪರದೆಯಿಂದ ಕಣ್ಣು ಕೀಳದೆ. ಲೈಬ್ರೇರಿಯನ್ ಬೀಗದಕೈ ಗೊಂಚಲನ್ನು ಮೇಜಿನ ಮೇಲಿಟ್ಟು, ತಾನೂ ಒಂದು ಕುರ್ಚಿ ಎಳೆದುಕೊಂಡಳು.