ತಾಯವ್ವನ ಮೈಮೇಲಿನ ಬಂಗಾರ

ಹಳಿಯಾಳದ ಪೇಟೆಯಲ್ಲಿ ಈಶಪ್ಪನ ಅಕ್ಕಿ ಅಂಗಡಿಯ ಬಾಗಿಲು ತೆರೆದ ಮೇಲೆಯೇ ಸೂರ್ಯ ಹುಟ್ಟುತ್ತಾನೆ ಎಂದು ಊರವರೆಲ್ಲ ನಂಬಿದ್ದರು. ನಂಬದವರಿಗೆ ಅಲ್ಲಿ ಉದ್ರಿ ಸಿಗುತ್ತಿರಲಿಲ್ಲ. ಆತ ಕೆಮ್ಮಿದರೆ ದಾಂಡೇಲಿಯ ಕಾಡಿನ ಹುಲಿಗಳು ಎದ್ದು ಕುಳಿತು, ‘ಈಶಪ್ಪನವರಿಗೆ ನೆಗಡಿಯಂತೆ’ ಎಂದು ಒಂದಕ್ಕೊಂದು ಸುದ್ದಿ ಹೇಳುತ್ತಿದ್ದವು. ಇಂಥ ಈಶಪ್ಪ ಇಡೀ ಮುಂಬಯಿ ಇಲಾಖೆಯಲ್ಲಿ ಅಂಜುತ್ತಿದ್ದುದು ಎರಡಕ್ಕೆ ಮಾತ್ರ. ಅಕ್ಕ ಶಂಕ್ರವ್ವನ ನಾಲಿಗೆಗೆ ಕೊಂಚ. ಜನ ಏನೆನ್ನುತ್ತಾರೋ ಎಂಬುದಕ್ಕೆ ಬಹಳ.

ಶಂಕ್ರವ್ವ ತೇರಗಾಂವದ ಗಂಡನ ಮನೆಯಿಂದ ಹದಿಮೂರನೆಯ ವಯಸ್ಸಿಗೆ ಬರಿಗೊರಳಲ್ಲಿ ತವರಿಗೆ ಬಂದವಳು. ಗಂಡನ ಮುಖ ಆಕೆಗೆ ನೆನಪಿರಲಿಲ್ಲ. ಕಳಚಿಕೊಂಡ ಒಡವೆಗಳು ನೆನಪಿದ್ದವು. ಈಶಪ್ಪನ ಹೆಂಡತಿ ತಾಯವ್ವನನ್ನು ಹೆತ್ತು ತೀರಿಕೊಂಡಾಗ ಕೂಸನ್ನು ಎತ್ತಿಕೊಂಡವಳು ಇವಳೇ. ಅಡಿಗೆಮನೆಯ ರಾಜ್ಯವೂ ಇವಳದೇ. ಇವಳು ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಸಾಂಬ್ರಾಣಿ ಊರಿನ ಹೊಲದ ಎತ್ತುಗಳು ಹೆಜ್ಜೆ ಹಾಕುತ್ತಿದ್ದವು ಎಂದರೆ, ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ತಮ್ಮನೊಡನೆ ಜಗಳವಾಡಿ ಕೂಸನ್ನು ಶಾಲೆಗೆ ಕಳಿಸಿದಳು. ತಾಯವ್ವ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ದಿನ ಹಂಚಿದ ಸಕ್ಕರೆಯಿಂದ ಪೇಟೆಯ ಇರುವೆಗಳೆಲ್ಲ ಮೈಬಂದು ನಡೆಯಲಾರದೆ ಕೂತಿದ್ದವು.

ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ, ಹದಿನೈದರ ತಾಯವ್ವನಿಗೆ ಮುಂಡಗೋಡದ ಚನಬಸಪ್ಪನ ಮಗ ಉಳವಪ್ಪ ವರನೆಂದು ಗೊತ್ತಾದ. ಈಶಪ್ಪ ಹುಬ್ಬಳ್ಳಿಯ ಸರಾಫರಲ್ಲಿಗೆ ಹೋಗಿ ಒಂದು ಬಂಗಾರದ ಗಟ್ಟಿ ತಂದ. ಪಡಸಾಲೆಯಲ್ಲಿ ಮಣೆಯ ಮೇಲೆ ಅದನ್ನಿಟ್ಟು ಬಟ್ಟೆ ಬಿಚ್ಚಿದಾಗ ನಾಲ್ಕೂ ಗೋಡೆಗಳು ಹಳದಿಯಾದವು; ಬೆಕ್ಕು ಕಣ್ಣು ಕೋರೈಸಿ ಕಂಬಕ್ಕೆ ಹಾಯ್ದುಕೊಂಡಿತು. ಪತ್ತಾರ ಮಾನಪ್ಪ ಅಗ್ಗಿಷ್ಟಿಕೆ, ಮೂಸೆ, ಊದುಗೊಳವೆಗಳೊಡನೆ ಬಂದು ಎದುರಿಗೆ ಕುಳಿತ.

“ಕೊಳ್ಳಿಗೆ ಬೋರಮಾಳ, ವಜ್ರಟೀಕಿ, ಕೈಗೆ ಪಾಟ್ಲಿ, ಬಿಲ್ವಾರ, ಕಿವಿಗೆ ಝುಮಕಿ, ನಡಕ್ಕ ಡಾಬು. ಇದರಾಗ ಒಂದು ಕಡಿಮಿ ಬಿದ್ರ ನಾ ಹಳಿಯಾಳ ಬಿಟ್ಟು ಹೋಗತೇನಿ,” ಎಂದ ಈಶಪ್ಪ.

ಹಿಟ್ಟಿನ ಕೈಯಲ್ಲೇ ಶಂಕ್ರವ್ವ ಹೊಸ್ತಿಲಿಗೆ ಬಂದಳು. “ತಾಳಿ ಮಾಡಸು, ಎರಡು ಬಳಿ ಮಾಡಸು. ಉಳದ ಗಟ್ಟಿ ಹಂಗ ಇರಲಿ, ತಮ್ಮಾ. ಹುಡುಗಿ ಕೈಯಾಗ ಕೊಡು.”

“ಗಟ್ಟಿ ಕೊಟ್ರ ಯಾರಿಗೆ ಕಾಣತೈತಿ? ಹಂದರದಾಗ ಮಗಳ ಕೊಳ್ಳಿಗೆ ಇಟ್ಟಂಗಿ ಕಟ್ಟಿ ಕುಂದರಸಲೇನು?”

“ಕಾಣೂದು ಬ್ಯಾಡ ಅಂತನ ಹೇಳಾಕತ್ತೇನಿ. ಒಡವಿ ಅಂದ್ರ ಪತ್ತಾರನ ಕೂಲಿ ಆತು, ಬೆಸುಗಿ ಆತು, ಮಣಿಯೊಳಗ ತುಂಬೂ ಅರಗಾತು. ನಾಳೆ ಮುರಸಾಕ ಹೋದ್ರ ಇಷ್ಟೂ ಮಣ್ಣಾಗ ಹೋದಂಗ. ಗಟ್ಟಿ ಹೆಂಗೈತಿ ಹಂಗ ಇರತೈತಿ.”

“ಯಕ್ಕಾ, ನನ್ನ ಹೊಟ್ಟಿಮ್ಯಾಲ ಯಾಕ ಹೊಡೀತಿ?” ಎಂದು ಮಾನಪ್ಪ ಗೋಗರೆದ. “ಮನಿಯಾಗ ಮಕ್ಕಳು ಬಾಯಿ ತಕ್ಕೊಂಡು ಕುಂತಾವು.”

“ನಿನ್ನ ಮಕ್ಕಳಿಗೆ ನಾ ರೊಟ್ಟಿ ಬಡದು ಕಳಸತೇನಿ. ನೀ ನಿನ್ನ ಬಾಯಿ ಮುಚ್ಚು.”

ಈಶಪ್ಪ ನಕ್ಕ. ಆತನಲ್ಲಿಯೂ ಒಂದು ವಾದವಿತ್ತು, ಅದು ತೀರ ಹುರುಳಿಲ್ಲದ್ದೂ ಅಲ್ಲ. “ನೋಡಕ್ಕಾ, ಗಟ್ಟಿ ಟ್ರಂಕಿನ್ಯಾಗ ಇಟ್ರ ಗಂಡ ಒಯ್ದು ಮಾರತಾನ. ಒಡವಿ ಹೆಣ್ಣಿನ ಮೈಮ್ಯಾಲ ಇರತೈತಿ. ಯಾವ ಗಂಡಸು ಮೈಮ್ಯಾಲಿಂದು ಕಸಗೋತಾನ?”

ಶಂಕ್ರವ್ವ ಸೆರಗಿಗೆ ಕೈ ಒರೆಸಿಕೊಂಡಳು. “ಗಂಡ ಒಯ್ದರೂ ಒಯ್ದಾನು, ಬಿಟ್ಟರೂ ಬಿಟ್ಟಾನು. ಮೈಮ್ಯಾಲಿಂದು ಮಾತ್ರ ಗಂಡ ಸತ್ತ ದಿನ ಹೋಗೇ ಹೋಗತೈತಿ. ನಂದು ಹೋಗಲಿಲ್ಲೇನು? ಗಟ್ಟಿಗೆ ಗಂಡ ಸತ್ತದ್ದು ತಿಳಿಯೂದಿಲ್ಲೋ, ತಮ್ಮಾ.”

ಮಾನಪ್ಪನ ಕೈಯಿಂದ ಊದುಗೊಳವೆ ಜಾರಿತು. ಈಶಪ್ಪ ಎದ್ದು ನಿಂತ.

“ಮದವಿ ಮನಿಯಾಗ ಎಂಥಾ ಮಾತಾಡಿದಿ! ಅದೂ ನಿನ್ನಂಥಾಕಿ ಬಾಯಾಗ! ನಡಿ ಒಳಗ!”

ಆ ಕೂಗಿಗೆ ಪೇಟೆಯ ತಕ್ಕಡಿಗಳೆಲ್ಲ ಒಂದೇ ಕಡೆ ವಾಲಿದವು. ಶಂಕ್ರವ್ವ ಒಳಗೆ ಹೋದಳು. ಹುಲಿಗಳಿಗೆ ಅಂಜದ ನಾಲಿಗೆ ‘ನಿನ್ನಂಥಾಕಿ’ ಎಂಬ ಒಂದು ಮಾತಿಗೆ ಮಡಚಿಕೊಂಡಿತು. ಹೊರಗೆ ಗಟ್ಟಿ ಮೂಸೆಯಲ್ಲಿ ಕರಗಿತು.

ಮದುವೆ ಹೇಗಾಯಿತೆಂದು ಹೇಳಹೊರಟರೆ ಈ ಕಾಗದ ಸಾಲದು, ಇಡೀ ಜಿಲ್ಲೆಯ ಕಾಗದ ಸಾಲದು. ತಾಯವ್ವನನ್ನು ಹಂದರಕ್ಕೆ ಕರೆತರಲು ಆಚೆ ಈಚೆ ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರು. ಇಲ್ಲವಾದರೆ ಬಂಗಾರದ ಭಾರಕ್ಕೆ ಆಕೆ ನೆಲದೊಳಗೆ ಇಳಿದುಬಿಡುತ್ತಿದ್ದಳು. ಚನಬಸಪ್ಪ ಕಣ್ಣರಳಿಸಿ, “ಬೀಗರ, ನೀವು ಸೊಸಿ ಕೊಟ್ರ್ಯೋ, ಲಕ್ಷ್ಮೀನ ಕೊಟ್ರ್ಯೋ!” ಎಂದಾಗ ಈಶಪ್ಪ ನಿಂತಲ್ಲೇ ಒಂದು ಗೇಣು ಬೆಳೆದ.

ಶಂಕ್ರವ್ವ ಆ ಹೊತ್ತಿಗೆ ಹಿತ್ತಲ ಕೋಣೆಯಲ್ಲಿ ಅಕ್ಕಿ ಚೀಲಗಳ ನಡುವೆ ಕುಳಿತಿದ್ದಳು. ಮದುಮಗಳ ಕಣ್ಣಿಗೆ ಅವಳು ಬೀಳಬಾರದೆಂದು ಹಿರಿಯರು ಹೇಳಿದ್ದರು. ಮದುಮಗಳು ತಾನೇ ಹುಡುಕಿಕೊಂಡು ಬಂದಳು.

“ಅತ್ತಿ, ಕುತಗಿ ನೋಯತೈತಿ.”

“ಬಗ್ಗಬ್ಯಾಡವಾ, ಹಂಗ ನಿಂದರು. ಅಲ್ಲಿಂದನ ನಮಸ್ಕಾರ ಮಾಡು, ಮುಟ್ಟತೈತಿ.” ಶಂಕ್ರವ್ವ ಎದ್ದು, ಝುಮಕಿಯ ಭಾರಕ್ಕೆ ಜಗ್ಗಿ ಕೆಂಪಾಗಿದ್ದ ಹುಡುಗಿಯ ಕಿವಿಯನ್ನು ಮೆಲ್ಲಗೆ ಎತ್ತಿ ಹಿಡಿದಳು. ಹೊರಗೆ ವಾಲಗದವರು ಊದುತ್ತಿದ್ದಷ್ಟು ಹೊತ್ತು ಹಾಗೆಯೇ ಹಿಡಿದುಕೊಂಡಿದ್ದಳು.

ಉಳವಪ್ಪ ಒಳ್ಳೆಯ ಹುಡುಗ. ಹೆಂಡತಿಯ ಒಂದು ಮಣಿಯನ್ನೂ ಮುಟ್ಟಲಿಲ್ಲ. ಹಬ್ಬಕ್ಕೊಮ್ಮೆ ಹಳಿಯಾಳಕ್ಕೆ ಕರೆತಂದು ಬಿಟ್ಟುಹೋಗುತ್ತಿದ್ದ. ಯುದ್ಧ ಜೋರಾದಂತೆ ಕಟ್ಟಿಗೆಗೆ ಬೇಡಿಕೆ ಬಂದು, ದಾಂಡೇಲಿಯ ಕಾಡಿನಲ್ಲಿ ಗುತ್ತಿಗೆ ಹಿಡಿದ. ಆ ಮಳೆಗಾಲ ಅಲ್ಲಿಯ ಸೊಳ್ಳೆಗಳು ಕಾಗೆಯಷ್ಟು ದೊಡ್ಡವಾಗಿದ್ದವು. ಚಳಿಜ್ವರ ಹತ್ತಿತು. ಕ್ವಿನೈನ್ ಎಲ್ಲ ದಂಡಿನವರಿಗೆ ಹೋಗಿತ್ತು. ಪೇಟೆಯಲ್ಲಿ ಗುಳಿಗೆಯ ಬದಲು ಕೈ ತಿರುವಿ ತೋರಿಸುತ್ತಿದ್ದರು. ನಡುಗುತ್ತ ಮುಂಡಗೋಡಕ್ಕೆ ಬಂದವನು ಮತ್ತೆ ಎದ್ದು ಹೊರಗೆ ಬರಲಿಲ್ಲ.

ಪೆಟ್ರೋಲು ಸಿಗದೆ ಇದ್ದಿಲು ಹೊಗೆಯಿಂದ ಓಡುತ್ತಿದ್ದ ಮೋಟಾರಿನಲ್ಲಿ ಅಕ್ಕ ತಮ್ಮ ಮುಂಡಗೋಡ ಮುಟ್ಟಿದಾಗ ಹೆಣಕ್ಕೆ ವಿಭೂತಿ ಹಚ್ಚಿ ಕುಳ್ಳಿರಿಸಿದ್ದರು. ಈಶಪ್ಪ ಗಂಡಸರ ಸಾಲಿನಲ್ಲಿ ಕುಳಿತ. ಶಂಕ್ರವ್ವ ಒಳಗೆ ಹೋದಳು.

ಒಳಗೆ ತಾಯವ್ವನ ಒಡವೆ ಕಳಚುತ್ತಿದ್ದರು. ಬೋರಮಾಳ ಸುಲಭವಾಗಿ ಬಂತು. ಗಾಜಿನ ಬಳೆ ಒಡೆಯಲು ಕ್ಷಣ ಸಾಕಾಯಿತು. ಪಾಟ್ಲಿ ಬರಲಿಲ್ಲ, ಹದಿನೈದರ ಕೈಗೆ ಕೂಡಿಸಿದ್ದು, ಕೈ ಬೆಳೆದಿತ್ತು. ಅಂಟುವಾಳದ ನೊರೆ ಹಚ್ಚಿ ಉಳವಪ್ಪನ ತಾಯಿ ಎಳೆದಳು, ಸುತ್ತಲಿನವರು ಮುಂಗೈ ಹಿಡಿದರು. ಚರ್ಮ ಕಿತ್ತು ಬಂತು, ಬಂಗಾರ ಬರಲಿಲ್ಲ. ಕೊನೆಗೆ ಅಲ್ಲಿಯ ಪತ್ತಾರನನ್ನು ಕರೆಸಿ ಕತ್ತರಿಯಿಂದ ಕತ್ತರಿಸಿದರು. ತಾಯವ್ವ ಅಳುತ್ತಿರಲಿಲ್ಲ. ಯಾರದೋ ಕೈ ನೋಡುವಂತೆ ತನ್ನ ಕೈ ನೋಡುತ್ತಿದ್ದಳು.

ಎಲ್ಲ ಬೀಗತಿಯ ಉಡಿಯಲ್ಲಿ ಬಿತ್ತು. ಶಂಕ್ರವ್ವ, “ಬೀಗತಿ, ಅದು ಹುಡುಗೀದು, ತವರಿಂದ ಬಂದದ್ದು. ಆಕಿ ಟ್ರಂಕಿನ್ಯಾಗ ಇಡ್ರಿ,” ಎಂದಳು.

ಬಾಗಿಲಲ್ಲಿ ಚನಬಸಪ್ಪ ನಿಂತಿದ್ದ. “ಮಗನ್ನ ಇನ್ನ ಮಣ್ಣಾಗ ಇಟ್ಟಿಲ್ಲ, ಆಗಲೇ ಬಂಗಾರದ ಮಾತೇನವಾ? ಗಂಡ ಇಲ್ಲದಾಕಿ ಬಂಗಾರ ತಗೊಂಡು ಯಾರಿಗೆ ತೋರಸಬೇಕು?”

“ತೋರಸಾಕಲ್ರಿ, ಬದುಕಾಕ.”

“ಬದುಕಸಾಕ ನಾವಿಲ್ಲೇನು? ಏನ್ರಿ ಬೀಗರ, ನೀವೇನಂತೀರಿ?”

ಶಂಕ್ರವ್ವ ಹೊರಗೆ ತಮ್ಮನತ್ತ ನೋಡಿದಳು. ಹುಲಿಗಳನ್ನು ಎಬ್ಬಿಸಿ ಕೂರಿಸುತ್ತಿದ್ದ ಗಂಡಸು ಧೋತರದ ಅಂಚು ತಿಕ್ಕುತ್ತ ಕುಳಿತಿದ್ದ. “ಸುಮ್ಮನಿರಕ್ಕಾ,” ಎಂದ. “ಜನ ಏನಂದಾರು.”

ತಿರುಗಿ ಬರುವಾಗ ಮೋಟಾರಿನಲ್ಲಿ, ಊರು ಹತ್ತಿರವಾದಾಗ ಈಶಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ: “ಅಂದು ನಿನ್ನ ಬಾಯಿಂದ ಬಂತು ನೋಡು ಇದು.”

ಅಂದಿನಿಂದ ಶಂಕ್ರವ್ವನ ರೊಟ್ಟಿಯ ಸದ್ದು ಪಕ್ಕದ ಮನೆಗೂ ಕೇಳಿಸದಾಯಿತು. ತಾನು ಆ ಮಾತು ಆಡದೇ ಇದ್ದಿದ್ದರೆ ಉಳವಪ್ಪ ಬದುಕುತ್ತಿದ್ದನೋ ಏನೋ ಎಂದು ಒಲೆಯ ಮುಂದೆ ಕುಳಿತು ಯೋಚಿಸುತ್ತಿದ್ದಳು. ಸೊಳ್ಳೆ, ಜ್ವರ, ಸಿಗದ ಗುಳಿಗೆ ಎಲ್ಲ ಆಕೆಗೆ ಗೊತ್ತಿತ್ತು. ಆದರೂ ಯೋಚಿಸುತ್ತಿದ್ದಳು.

ಬದುಕಿಸಲು ನಾವಿದ್ದೇವೆ ಎಂದವರು ದೀಪಾವಳಿಯ ಹೊತ್ತಿಗೆ ತಾಯವ್ವನನ್ನು ತವರಿಗೆ ಕಳಿಸಿದರು, ಎರಡು ಸೀರೆಯ ಗಂಟಿನೊಡನೆ. ಮಾನಪ್ಪ ಸುದ್ದಿ ತಂದ: ಚನಬಸಪ್ಪ ಒಡವೆಗಳನ್ನೆಲ್ಲ ಹುಬ್ಬಳ್ಳಿಯಲ್ಲಿ ಕರಗಿಸಿ ಗಟ್ಟಿ ಮಾಡಿಸಿ ಇಟ್ಟಿದ್ದಾನೆ, ಯುದ್ಧ ನಿಲ್ಲುವವರೆಗೆ ಧಾರಣೆ ಏರುವುದೇ.

“ಶಾಣ್ಯಾ ಮನಷಾ,” ಎಂದ ಈಶಪ್ಪ ತಲೆದೂಗಿ. “ಈ ಕಾಲಕ್ಕ ಗಟ್ಟಿನ ಖರೆ. ಒಡವಿಯಾಗ ಏನೈತಿ? ಕೂಲಿ, ಬೆಸುಗಿ, ಅರಗು.”

ಅಡಿಗೆಮನೆಯಲ್ಲಿ ರೊಟ್ಟಿ ಸೀದುಹೋಯಿತು.

ಆ ಚಳಿಗಾಲ ಶಂಕ್ರವ್ವ ತಮ್ಮನೆದುರು ಕೊನೆಯ ಬಾರಿ ಬಾಯಿ ತೆರೆದಳು. ತಾಯವ್ವನನ್ನು ಮುಂದೆ ನಿಲ್ಲಿಸಿಕೊಂಡು, “ಧಾರವಾಡದಾಗ ಹೆಣ್ಣಮಕ್ಕಳಿಗೆ ಮಾಸ್ತರಕಿ ಕಲಸತಾರಂತ. ಈಕಿ ಮುಲ್ಕಿ ಆಗ್ಯಾಳ. ಕಳಸು, ತಮ್ಮಾ. ನಾನೂ ಹೋಗಿ ಜೋಡಿ ಇರತೇನಿ,” ಎಂದಳು.

“ಈಶಪ್ಪನ ಮಗಳು ಸಂಬಳಕ್ಕ ದುಡೀತಾಳ ಅಂದ್ರ ನಾ ಪೇಟಿಯಾಗ ಹೆಂಗ ಅಡ್ಡಾಡಲಿ? ಇಲ್ಲಿ ಉಣ್ಣಾಕ ಕಡಿಮಿ ಐತೇನು?”

“ಉಣ್ಣೂದಷ್ಟ ಜೀವ ಅಲ್ಲೋ.”

“ನೀ ಅದೀಯಲ್ಲ ಇಷ್ಟು ವರ್ಷ? ಏನಾತು ನಿನಗ?”

ತಾಯವ್ವ ನೆಲ ನೋಡುತ್ತ ಮೆಲ್ಲಗೆ ಹೇಳಿದಳು: “ನನ್ನ ಬಂಗಾರ ನನ್ನ ಕಡೆ ಇದ್ದಿದ್ರ ನಿನ್ನ ಕೇಳತಿದ್ದಿಲ್ಲಪಾ.”

ಈಶಪ್ಪ ರುಮಾಲು ಸುತ್ತಿಕೊಂಡು ಅಂಗಡಿಗೆ ಹೋದ. ಆ ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ.

ಮರುದಿನ ಬೆಳಗಿನಲ್ಲಿ ಶಂಕ್ರವ್ವ ಏಳುವಷ್ಟರಲ್ಲಿ ಅಂಗಳ ಗುಡಿಸಿ ಆಗಿತ್ತು, ಒಲೆ ಹೊತ್ತಿತ್ತು. ತಾಯವ್ವ ಹಿಟ್ಟು ನಾದುತ್ತ ಕುಳಿತಿದ್ದಳು. ಮುಂಗೈಯ ಗಾಯ ಮಾಯ್ದು ಬಿಳಿ ಗೆರೆಯಾಗಿತ್ತು; ಅದರ ಮೇಲೆ ಹಿಟ್ಟು ಮೆತ್ತಿತ್ತು.

“ಏಳವ್ವಾ, ಇತ್ತ ಕೊಡು. ನಾ ಮಾಡತೇನಿ.”

ತಾಯವ್ವ ತಲೆಯೆತ್ತಲಿಲ್ಲ. “ಇರಲಿ ಬಿಡತ್ತಿ,” ಎಂದಳು. “ನೀ ಇನ್ನೆಷ್ಟು ದಿನ ಮಾಡತಿ?”